ದಲಾಲಿ ಮಾವನ ಗುಂಡಿಯ ಹಾಡು

ಆದೋನಿಯಲ್ಲಿ ದಲಾಲಿ ಮಾವ ತೀರಿಕೊಂಡ ಸುದ್ದಿ, ಆ ಊರು ಬಿಟ್ಟು ಬಳ್ಳಾರಿಗೆ ಬಂದು ನೆಲೆಸಿದ್ದ ನನಗೆ ಒಂದೇ ಬಗೆಯಲ್ಲಿ ಬರಲಿಲ್ಲ. ಹತ್ತಿ ಗಾಡಿ ಹೊಡೆಯುವವನೊಬ್ಬ, ಉಣ್ಣುತ್ತ ಉಣ್ಣುತ್ತಲೇ ಹೋದರು ಎಂದ. ಉರುಕುಂದದ ಜಾತ್ರೆಗೆ ಹೋಗಿಬಂದವರೊಬ್ಬರು, ಮಲಗಿದ್ದಲ್ಲೇ ಹೋದರು ಎಂದರು. ಆದೋನಿಯಿಂದ ಬಂದ ಬಳೆಗಾರ್ತಿಯಂತೂ, "ಎಲ್ಲಿ ಸತ್ತಾರ್ರಿ? ಮೊನ್ನಿ ನಾನ ನೋಡೀನಿ. ಮಂದಿಗೆ ಬ್ಯಾರೆ ಕೆಲಸ ಇಲ್ಲ" ಎಂದು ನನ್ನನ್ನೇ ಗದರಿಸಿದಳು. ಕೊನೆಗೆ ಅವರ ಮನೆಯ ಆಳೇ ಬಂದು ಹೇಳಿದ ಮೇಲೆ ನಂಬಿದೆ. ನಂಬಿ, ಅಳಬೇಕಾದವಳು ನಕ್ಕುಬಿಟ್ಟೆ. ಬದುಕಿದ್ದಾಗ ಗಾಳಿಸುದ್ದಿಯ ಕೈಯಲ್ಲಿ ಅಷ್ಟು ಒದ್ದಾಡಿದ ಮನುಷ್ಯನನ್ನು ಸತ್ತ ಮೇಲೂ ಅದು ಬಿಡಲಿಲ್ಲವಲ್ಲ ಎಂದು ನಗು. ಆಮೇಲೆ ಅಡಿಗೆಮನೆಗೆ ಹೋಗಿ ಅತ್ತುಬಂದೆ.

ಅವರ ಹೆಸರು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ, ಊರವರೆಲ್ಲ ದಲಾಲಿ ಎನ್ನುವವರು, ಇನ್ನು ತಿಳಿಯುವುದು ಹೇಗೆ? ನಾನು ಮದುವೆಯಾಗಿ ಬಂದಾಗ ನಮ್ಮವರಿಗೆ ಆದೋನಿಯ ಹತ್ತಿ ಮಿಲ್ಲಿನಲ್ಲಿ ಕೆಲಸ. ನಮ್ಮ ಅತ್ತೆ ಮಾವ ಚಿಪ್ಪಗಿರಿಯ ಕಡೆ ಹೊಲ ನೋಡಿಕೊಂಡು ಅಲ್ಲೇ ಇದ್ದರು. ಆದ್ದರಿಂದ ನನಗೆ ದಿನಬೆಳಗಾದರೆ ಕಾಣುವ ಹಿರಿಯರೆಂದರೆ ನಡುಗೋಡೆಯಾಚೆಯ ಈ ದಂಪತಿಗಳೇ. ಅವರನ್ನೇ ಮಾವ ಎಂದೆ, ಆಕೆಯನ್ನೇ ಅತ್ತೆ ಎಂದೆ. ಸ್ವಂತದವರು ಚಿಪ್ಪಗಿರಿಯಿಂದ ಬಂದಾಗ ಸ್ವಲ್ಪ ಫಜೀತಿಯಾಗುತ್ತಿತ್ತು, ಅಷ್ಟೆ.

ಮಾವ ಹತ್ತಿಯ ದಲಾಲಿ. ಹಣೆಗೆ ವಿಭೂತಿ, ತಲೆಗೆ ರುಮಾಲು, ಹೆಗಲಿಗೆ ಒಂದು ದೊಡ್ಡ ಟವೆಲ್ಲು. ಹಿಂದೆ ವ್ಯಾಪಾರವೆಲ್ಲ ಟವೆಲ್ಲಿನ ಕೆಳಗೆ ನಡೆಯುತ್ತಿತ್ತು. ಕೊಳ್ಳುವವನ ಕೈ, ದಲಾಲಿಯ ಕೈ ಎರಡೂ ಟವೆಲ್ಲಿನೊಳಗೆ ಹೋಗುವವು, ಬೆರಳು ಹಿಡಿದು ಅದುಮಿದ್ದೇ ದರ. ಸುತ್ತ ನಿಂತವರಿಗೆ ಒಂದು ಸೊಲ್ಲೂ ತಿಳಿಯದು. ಈ ಕೆಲಸ ಮಾಡಿ ಮಾಡಿ ಮಾವನಿಗೆ ಬಾಯಿಯಿಂದ ಮಾತಾಡುವುದೇ ಬೇಸರವಾಗಿಹೋಗಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗಲೂ, ಇನ್ನೆಷ್ಟು ರೊಟ್ಟಿ ಎಂದು ಅತ್ತೆ ಕೇಳಿದರೆ ಟವೆಲ್ಲಿನ ಕೆಳಗಿಂದ ಕೈ ಚಾಚುತ್ತಿದ್ದರು. ಅತ್ತೆ ಆ ಕೈಗೊಂದು ಏಟು ಕೊಟ್ಟು, "ಇದೇನು ಬಜಾರೇನು? ಬಾಯಿ ಬಿಟ್ಟು ಬೊಗಳ್ರಿ" ಎನ್ನುವರು. ಮಾವ ನಕ್ಕು ಸುಮ್ಮನಾಗುವರು. ಅತ್ತೆ ತಮಗೆ ತಿಳಿದಷ್ಟು ರೊಟ್ಟಿ ಹಾಕುವರು. ಅದು ಸರಿಯಾಗಿಯೇ ಇರುತ್ತಿತ್ತು.

ಇಂಥ ಮೂಗ ಮನುಷ್ಯನಿಗೆ ಒಂದು ಹಾಡಿನ ಹುಚ್ಚು.

ಮುಂಬಯಿಯಿಂದ ಹತ್ತಿ ಕೊಳ್ಳಲು ಬಂದಿದ್ದ ಸೇಟೊಬ್ಬ ಊರು ಬಿಡುವಾಗ ಹೊರಲಾರದೆ ತನ್ನ ಗ್ರಾಮಫೋನನ್ನು ಇವರ ಮನೆಯಲ್ಲಿ ಬಿಟ್ಟುಹೋಗಿದ್ದ. ಜೊತೆಗೆ ಒಂದೇ ಒಂದು ಹಾಡಿನ ಪ್ಲೇಟು. ಅದರ ನಡುವೆ ಅಂಟಿಸಿದ್ದ ಕಾಗದವನ್ನು ಜಿರಲೆಗಳು ತಿಂದು ತೇಗಿದ್ದವು. ಹಾಡಿದಾಕೆ ಯಾರು, ಯಾವ ನಾಟಕ ಕಂಪನಿಯವಳು, ಒಂದೂ ತಿಳಿಯದು. ಮಾವ ಒಮ್ಮೆ ಬಳ್ಳಾರಿಯ ಅಂಗಡಿಗೆ ಹೋಗಿ, ಹೆಸರು ಗೊತ್ತಿಲ್ಲದ್ದರಿಂದ ಆ ಹಾಡನ್ನು ತಾವೇ ಗುನುಗಿ ತೋರಿಸಿದರಂತೆ. ಅಂಗಡಿಯವನು, "ಹಲ್ಲು ನೋವಿಗೆ ಮುಂದಿನ ಓಣಿಯಾಗ ಡಾಕ್ಟರ್ ಅದಾರ್ರಿ" ಎಂದನಂತೆ. ಅಲ್ಲಿಂದ ಮುಂದೆ ಹೆಸರು ಹುಡುಕುವ ಗೋಜಿಗೆ ಅವರು ಹೋಗಲಿಲ್ಲ. ನಮ್ಮಾಕಿ ಎನ್ನುತ್ತಿದ್ದರು, ಅಷ್ಟೆ. ನಮ್ಮಾಕಿಗೆ ಇವತ್ತು ಗಂಟಲು ಕಟ್ಟಿದೆ ಎಂದರೆ ಚಾವಿ ಸಡಿಲಾಗಿದೆ ಎಂದರ್ಥ.

ಸಂಜೆ ಬಜಾರಿನಿಂದ ಬಂದು, ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ, ಪ್ಲೇಟನ್ನು ಧೋತರದ ಚುಂಗಿನಿಂದ ಒರೆಸಿ, ಚಾವಿ ಕೊಟ್ಟು ಹಚ್ಚಿದರೆಂದರೆ ಓಣಿಯಲ್ಲಿ ಯಾರೂ ಕೆಮ್ಮುವಂತಿಲ್ಲ. ಕಹಳೆಯ ಬಾಯಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿ ಕೂಡುವರು. ಹಾಡು ಮುಗಿದ ಮೇಲೂ ಪ್ಲೇಟು ಸುಮ್ಮನೆ ಗರಗರ ತಿರುಗುವುದನ್ನು ಅಷ್ಟೇ ಭಕ್ತಿಯಿಂದ ಕೇಳುವರು.

"ನಿಮ್ಮ ಮಾವ ಸವತೀನ ತಿರುಗಸಾಕತ್ತಾರ, ಬಾ ನೋಡು ಬಾ" ಎಂದು ಅತ್ತೆ ಗೋಡೆಯ ಮೇಲಿಂದ ನನ್ನನ್ನು ಕರೆಯುತ್ತಿದ್ದರು. ಸವತಿ ಎಂದರೆ ಆ ಹಾಡಿನವಳು. ನಗುತ್ತಲೇ ಅನ್ನುತ್ತಿದ್ದರು. ಆದರೆ ನಾನೂ ಹೆಂಗಸೇ ಅಲ್ಲವೇ, ಆ ನಗುವಿನಲ್ಲಿ ಒಂದು ಸಣ್ಣ ಹುಳಿ ಇದ್ದದ್ದು ನನಗೆ ತಿಳಿಯುತ್ತಿತ್ತು. ಒಂದು ಸಲ ಹೇಳಿಯೂ ಬಿಟ್ಟರು. "ನನ್ನ ಕೂಡ ದಿನಕ್ಕ ನಾಕು ಮಾತಾಡಂಗಿಲ್ಲ. ಆಕಿ ಅಂದದ್ದ ಅಂತಾಳ, ಅದನ್ನ ದಿನಾ ಕೇಳ್ತಾರ. ಹೋಗ್ಲಿ ಬಿಡು, ಆಕಿ ರೊಟ್ಟಿ ಬೇಡಂಗಿಲ್ಲ."

ಹಾಡು ಅವರ ತಲೆಯಲ್ಲಿ ಎಷ್ಟು ಹೊಕ್ಕಿತ್ತೆಂದರೆ, ಒಂದು ದಿನ ಬಜಾರಿನಲ್ಲಿ ಗೋನೆಗಂಡ್ಲದ ರೈತನೊಬ್ಬನ ಹತ್ತಿಗೆ ದರ ಕುದುರಿಸುತ್ತ ಟವೆಲ್ಲಿನ ಕೆಳಗೆ ಕೈ ಇಟ್ಟವರು ಒಳಗೊಳಗೇ ಹಾಡು ನೆನೆಸಿ ತಾಳ ಹಾಕಿಬಿಟ್ಟರು. ಕೊಳ್ಳುವವನು ಪಾಪ, ಪ್ರತಿ ತಾಳಕ್ಕೂ ದರ ಏರಿತೆಂದು ತಿಳಿದು ಬೆವೆತುಹೋದ. ಮಾತು ಕೊಟ್ಟ ಮೇಲೆ ಹಿಂದೆಗೆಯುವಂತಿಲ್ಲ, ಅಷ್ಟಕ್ಕೇ ಕೊಂಡ. ಅಲ್ಲಿಂದ ಮುಂದೆ ರೈತರು ಮಾವನನ್ನು ಕಂಡರೆ, "ಮಾವಾರ, ಇವತ್ತ ಹಾಡು ಕೇಳಿ ಬಂದೀರೇನ್ರಿ?" ಎಂದು ಕೇಳಿಯೇ ಗಾಡಿ ನಿಲ್ಲಿಸುತ್ತಿದ್ದರು. ಈ ಕತೆಯನ್ನು ನಮ್ಮವರು ಬಜಾರಿನಿಂದ ಬಂದು ಹೇಳಿದಾಗ ನಾನು ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಿದ್ದೆ.

ಎಲ್ಲ ಹೀಗೇ ಇರುತ್ತಿತ್ತೇನೋ. ಅಷ್ಟರಲ್ಲಿ ಜಪಾನಿನವರು ಯುದ್ಧಕ್ಕೆ ಇಳಿದರು.

ಮದರಾಸಿಗೆ ಬಾಂಬು ಬೀಳುತ್ತದೆಂದು ಅಲ್ಲಿಂದ ಹಾಸಿಗೆ ಕಟ್ಟಿಕೊಂಡು ಜನ ರೈಲಿಳಿಯತೊಡಗಿದ ಮೇಲೆ ನಮ್ಮ ಆದೋನಿಗೆ ಹಿಡಿದ ಹೆದರಿಕೆ ಅಷ್ಟಿಷ್ಟಲ್ಲ. ಅದಕ್ಕೆ ಗಾಳಿ ಹಾಕಿದವರು ನಮ್ಮ ಓಣಿಯ ಪೇಪರ್ ಪಂತುಲುಗಳು. ಅವರೊಬ್ಬ ಪಿಂಚಣಿ ಪಡೆದ ತೆಲುಗು ಗುಮಾಸ್ತರು. ಹೋಟೆಲಿನಲ್ಲಿ ಕೂತು ಪೇಪರನ್ನು ಗಟ್ಟಿಯಾಗಿ ಓದಿ, ಪೇಪರಿನಲ್ಲಿ ಇಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಹೇಳುವರು. ಜಪಾನಿನವರಿಗೆ ಸಿಡಿಮದ್ದು ಮಾಡಲು ಹತ್ತಿ ಬೇಕಂತೆ, ಆದ್ದರಿಂದ ಮೊದಲು ಬರುವುದೇ ಆದೋನಿಗಂತೆ. ಬೆಳದಿಂಗಳಲ್ಲಿ ಹತ್ತಿಯ ರಾಶಿ ವಿಮಾನದವರಿಗೆ ಮೇಲಿನಿಂದ ಕಾಣುತ್ತದಂತೆ. ಸುಣ್ಣ ಬಳಿದ ಮನೆಯೂ ಕಾಣುತ್ತದಂತೆ. ಇದನ್ನು ಕೇಳಿ ನಮ್ಮ ಓಣಿಯವರು ಹಬ್ಬಕ್ಕೆ ಬಳಿದ ಸುಣ್ಣದ ಮೇಲೆ ಸಗಣಿ ಸಾರಿಸಿದರು. ಜಪಾನಿನವರು ಬರಲಿಲ್ಲ, ನೊಣ ಬಂದವು.

ಅತ್ತೆ ಮಾತ್ರ ಒಂದನ್ನೂ ನಂಬಲಿಲ್ಲ. ಬಾಗಿಲಿಗೆ ಬಂದು ಸುದ್ದಿ ಹೇಳಿದವರನ್ನೆಲ್ಲ, "ನೀ ನಿನ್ನ ಕಣ್ಣೀಲೆ ನೋಡೀಯೇನು?" ಎಂದು ಕೇಳಿ ಓಡಿಸುತ್ತಿದ್ದರು. ಅವರ ಮನೆಯ ಗೋಡೆ ಕೊನೆಯವರೆಗೂ ಬೆಳ್ಳಗಿತ್ತು.

ಯುದ್ಧದಿಂದ ಗ್ರಾಮಫೋನಿನ ಮುಳ್ಳು ಸಿಗದೆ ಹೋಯಿತು. ಮಾವ ಹಳೆಯ ಮುಳ್ಳನ್ನೇ ಕಲ್ಲಿಗೆ ಮಸೆದು ನೋಡಿದರು, ಅದೂ ಸವೆಯಿತು. ಕೊನೆಗೆ ಯಾರೋ ಹೇಳಿದರೆಂದು ಜಾಲಿಮುಳ್ಳು ಹಚ್ಚತೊಡಗಿದರು. ಬೆಳಗ್ಗೆ ಎದ್ದು ಊರ ಹೊರಗಿನ ಜಾಲಿಗಿಡಗಳ ಸುತ್ತ ತಿರುಗಿ, ಒಂದೊಂದೇ ಮುಳ್ಳನ್ನು ಬೆರಳಿನಿಂದ ಒತ್ತಿ ನೋಡಿ ಆರಿಸುವರು. ನೋಡಿದವರಿಗೆ ಅನುಮಾನ ಬರದೆ ಇದ್ದೀತೇ? ದಲಾಲಿ ಹೊಲದಲ್ಲಿ ವಿಮಾನಕ್ಕೆ ಗುರುತು ಹಾಕುತ್ತಿದ್ದಾನೆ ಎಂದು ಹಬ್ಬಿತು. ಟವೆಲ್ಲಿನ ಕೆಳಗಿನ ಬೆರಳ ಭಾಷೆ ಜಪಾನಿನದೇ ಎಂದು ಇನ್ನೊಬ್ಬರು ಸೇರಿಸಿದರು. ಪಂತುಲುಗಳು ಎಲ್ಲಕ್ಕೂ ಕಳಸವಿಟ್ಟಂತೆ, ಕಹಳೆಯಿಂದ ಹಾಡು ಹೊರಗೆ ಬರುತ್ತದೆ ಎಂದರೆ ನಾವಾಡಿದ ಮಾತು ಒಳಗೂ ಹೋಗುತ್ತದೆ, ನೇರ ಜಪಾನಿಗೆ, ಎಂದರು. ಅಂದಿನಿಂದ ನೀರಿಗೆ ಹೋಗುವ ಹೆಂಗಸರು ನಮ್ಮ ಗೋಡೆಯ ಹತ್ತಿರ ತಮ್ಮ ತಮ್ಮ ಅತ್ತೆಯರನ್ನು ಬೈಯುವುದನ್ನು ನಿಲ್ಲಿಸಿದರು. ಜಪಾನಿನವರಿಗೆ ನಮ್ಮ ಮನೆಯ ಜಗಳ ಯಾಕೆ ತಿಳಿಯಬೇಕು?

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಜಾಲಿಮುಳ್ಳಿನಿಂದ ಪ್ಲೇಟು ಇನ್ನಷ್ಟು ಗೀಚಿಹೋಗಿ, ಮೊದಲೇ ಅರ್ಧ ಮರ್ಧ ಕೇಳುತ್ತಿದ್ದ ಪಲ್ಲವಿಯ ಒಂದು ಮಾತು ಪೂರ್ತಿ ಕೇಳದೆ ಹೋಯಿತು. ನಮ್ಮ ಕಡೆಯವರಿಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ಇದೇ ಮುಳುವಾಯಿತು. ಒಂದೇ ಭಾಷೆ ಬರುವ ಊರಾಗಿದ್ದರೆ ಹಾಡು ಬಚಾವಾಗುತ್ತಿತ್ತು. ಆಕೆ ಹಾಡಿದ್ದು, "ನಾ ಗುಂಡ್... ನೀ ಒಡಿಲೋ ಪಡೆ" ಎಂದೇನೋ. ಆ ಗುಂಡ್ ಆದಮೇಲೆ ಗರ್ ಎಂದು ಒಂದು ಗೀಚು. ನನಗೆ ಕೇಳಿದ್ದು ಕನ್ನಡದಲ್ಲಿ, ನೀ ಒಡಿ, ಅಂದರೆ ತೆಂಗಿನಕಾಯಿಯನ್ನೋ ಏನನ್ನೋ ಒಡೆ ಎನ್ನುತ್ತಿದ್ದಾಳೆ ಎಂದುಕೊಂಡಿದ್ದೆ. ನಮ್ಮವರಿಗೆ ಪಡೆ ಎಂದರೆ ದಂಡು. ಪಂತುಲುಗಳಿಗೆ ತೆಲುಗಿನಲ್ಲಿ ಪಡೆ ಎಂದರೆ ಬಿತ್ತು. ಅದೂ ಒಡಿಲೋ ಅಲ್ಲ, ಆದೋನಿಲೋ. ಗುಂಡು, ಅಂದರೆ ಬಾಂಬು, ಆದೋನಿಯಲ್ಲಿ ಬಿತ್ತು.

ಹೋಟೆಲಿನಲ್ಲಿ ಈ ಅರ್ಥ ಹೊರಬಿದ್ದದ್ದೇ ತಡ, ಓಣಿಯ ಗಂಡಸರೆಲ್ಲ ಮಧ್ಯಾಹ್ನ ಮಾವನ ಕಟ್ಟೆಗೆ ಬಂದು ಕೂತರು. ಪ್ಲೇಟು ಒಡೆಯಬೇಕು, ಎಲ್ಲರೆದುರು, ಅವರ ಕೈಯಿಂದಲೇ. ಅದೊಂದೇ ಮಾತು.

"ಮೀ ಒಕ್ಕರಿ ಕೋಸಂ, ನಿಮ್ಮೊಬ್ಬರ ಸಲುವಾಗಿ, ಓಣಿ ಮಂದಿಯೆಲ್ಲಾ ಜೇಲಿಗೆ ಹೋಗಬೇಕೇನ್ರಿ?" ಎಂದರು ಪಂತುಲು. "ಪೋಲೀಸರು ಬಂದ್ರ ನಾನೇನ ಜವಾಬು ಹೇಳಲಿ? ಗುಂಡು ಬೀಳೋ ಜಾಗ ಹಾಡಿ ಹಾಡಿ ಹೇಳ್ತಾಳ ಆಕಿ."

"ಆಕಿ ಜಪಾನಿನಾಗ ಕಲ್ತು ಬಂದಾಳಂತ" ಎಂದರು ಹಿಂದಿನಿಂದ ಯಾರೋ.

"ನೀ ಒಡಿ ಅಂತ ಪ್ಲೇಟ ಅನ್ನಾಕತ್ತೈತಿ. ಇನ್ನೇನು ಬೇಕು?" ಎಂದರು ಮತ್ತೊಬ್ಬರು.

ಮಾವ ಪ್ಲೇಟನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ನಿಂತಿದ್ದರು. ನಾನೂ ಅತ್ತೆಯೂ ಬಾಗಿಲ ಮರೆಯಲ್ಲಿದ್ದೆವು. ಬಜಾರಿನಲ್ಲಾದರೆ ಟವೆಲ್ಲಿನಲ್ಲಿ ಕೈಯಿಟ್ಟು ಹೇಳುತ್ತಿದ್ದರು, ಇಲ್ಲಿ ಯಾರ ಬೆರಳು ಹಿಡಿಯುವುದು? ಒಡೆದುಬಿಡುತ್ತಾರೆ, ಇವರಿಗೆ ಇಲ್ಲ ಎನ್ನಲು ಬರುವುದಿಲ್ಲ, ಇನ್ನು ಸಂಜೆ ಈ ಮನುಷ್ಯ ಏನು ಮಾಡಿಕೊಂಡು ಕೂತಾರು ಎನಿಸಿತು.

"ಗುಂಡು ಅಲ್ಲ ಅದು" ಎಂದರು ಮಾವ, ನೆಲ ನೋಡುತ್ತ. "ಗುಂಡಿ."

"ಗುಂಡಿ?" ಪಂತುಲು ಬೆಚ್ಚಿದರು. "ಅಂದ್ರ ತಗ್ಗು? ಬಾಂಬ್ ಬಿದ್ದು ಆಗೋ ತಗ್ಗು?"

"ಅಂಗಿ ಗುಂಡಿ." ಮಾವ ತಮ್ಮ ಎದೆಯ ಮೇಲಿನ ಗುಂಡಿಯನ್ನು ಮುಟ್ಟಿ ತೋರಿಸಿದರು. "ನಾ ಗುಂಡಿ ನೀ ಒಡಿಲೋ ಪಡೆ. ನನ್ನ ಗುಂಡಿ ನಿನ್ನ ಉಡಿಯಾಗ ಬಿತ್ತು. ತೆಲುಗಿನ್ಯಾಗ ಒಡಿ ಅಂದ್ರ ನಮ್ಮ ಉಡಿನ ಅಲ್ರೇನು?"

ಗುಂಡಿ ಎಂಬುದು ಎರಡೂ ಭಾಷೆಗೆ ಒಪ್ಪುವ ಮಾತು. ಗುಂಪಿನಲ್ಲಿದ್ದ ದರ್ಜಿ ಸಾಬರು, "ಬರಾಬರ್. ಗುಂಡಿ ಬಿದ್ರ ಉಡಿಯಾಗನ ಬೀಳತೈತಿ" ಎಂದು ಗಂಭೀರವಾಗಿ ತಲೆದೂಗಿದರು.

"ಗುಂಡಿ ಮ್ಯಾಲ ಯಾರರ ಹಾಡು ಕಟ್ತಾರೇನ್ರಿ?" ಎಂದರು ಪಂತುಲು. ಅವರಿಗೆ ಬಾಂಬು ಕೈಬಿಟ್ಟುಹೋಗುವ ದುಃಖ.

ಆಗ ಮಾವ ಮಾತಾಡಿದರು. ಅಷ್ಟು ಮಾತನ್ನು ಅವರ ಬಾಯಿಯಿಂದ ಅದಕ್ಕೆ ಮೊದಲು ನಾನು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಕಟ್ತಾರ್ರಿ. ನನ್ನ ಮದುವಿ ಆದಾಗ ನಮ್ಮ ಮನಿ ತುಂಬ ಹಿರೇರು. ಹೆಂಡ್ತಿ ಕೂಡ ಮಾತಾಡಾಕ ನನಗ ನಾಚಿಕಿ. ಆಕಿ ನನ್ನ ಕಡೆ ನೋಡ್ತಿದ್ದಿಲ್ಲ, ನಾ ಆಕಿ ಕಡೆ ನೋಡ್ತಿದ್ದಿಲ್ಲ. ಹಿಂಗ ಬಾಳ ದಿನ ಹೋದುವು. ಒಂದಿನ ಪಡಸಾಲ್ಯಾಗ ಆಕಿ ಕುಂತು ಜ್ವಾಳ ಹಸನ ಮಾಡಾಕತ್ತಿದ್ಲು. ನಾ ಮ್ಯಾಲಿನ ಹಲಗಿಯಿಂದ ಏನೋ ತಗೊಳ್ಳಾಕ ಕೈ ಎತ್ತಿದ್ನಿ, ಅಂಗಿ ಗುಂಡಿ ಹರದು ಆಕಿ ಉಡಿಯಾಗ ಬಿತ್ತು. ಆಕಿ ಅದನ್ನ ಜ್ವಾಳದಾಗ ಹುಡುಕಿ ತಗದು, ನನ್ನ ಮಾರಿ ನೋಡಿ ನಕ್ಕಳು. ಅಂಗಿ ಕೊಡ್ರಿ, ಹಚ್ಚಿ ಕೊಡ್ತೀನಿ ಅಂದ್ಲು. ಅದ ಮೊದಲನೇ ಮಾತು ನಮ್ದು. ಈ ಹಾಡು ಕೇಳಿದಾಗ ನನಗ ಅದ ಕಾಣತೈತಿ. ಇದನ್ನ ಒಡಿ ಅಂದ್ರ ನನ್ನ ಕೈಲೆ ಆಗಂಗಿಲ್ಲ. ನೀವ ಒಡೀರಿ."

ಇಷ್ಟು ಹೇಳಿ ಪ್ಲೇಟನ್ನು ಪಂತುಲುಗಳ ಕೈಗೆ ಕೊಟ್ಟುಬಿಟ್ಟರು. ಪಂತುಲು ಅದನ್ನು ಎಳೆಗೂಸು ಹಿಡಿದವರ ಹಾಗೆ ಹಿಡಿದುಕೊಂಡು ಸುತ್ತ ನೋಡಿದರು. ಯಾರೂ ಇತ್ತ ನೋಡಲಿಲ್ಲ. ಅವರಿಗೂ ಮನೆಯಲ್ಲಿ ಪಂತುಲಮ್ಮ ಇದ್ದರಲ್ಲ. ಮೂಗು ಏರಿಸಿ, "ಗುಂಡೀ ಅಂತ ಮೊದಲ ಹೇಳಿದ್ರ ಇಷ್ಟ್ಯಾಕ ಆಗ್ತಿತ್ತು?" ಎಂದು ಪ್ಲೇಟನ್ನು ವಾಪಸು ಕೊಟ್ಟು, ಯುದ್ಧ ಮುಗಿಯುವವರೆಗೆ ಮೆಲ್ಲಗೆ ಹಚ್ಚಿರಿ ಎಂದು ಒಂದು ಮಾತು ಸೇರಿಸಿ ಎದ್ದುಹೋದರು. ಗ್ರಾಮಫೋನನ್ನು ಮೆಲ್ಲಗೆ ಹಚ್ಚುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ.

ನಾನು ಬಾಗಿಲ ಮರೆಯಲ್ಲಿ ಅತ್ತೆಯ ಕಡೆ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಇಷ್ಟು ವರ್ಷ ಸವತಿ ಸವತಿ ಎಂದದ್ದು ತನಗೇ ಎಂದು ಆಗ ತಿಳಿಯಿತು ಆಕೆಗೆ. "ಮುದುಕಗ ನಾಚಿಕಿಲ್ಲ, ಓಣಿ ಮುಂದೆಲ್ಲಾ ಹೇಳ್ಯಾನ ನೋಡು" ಎಂದರು. ಗಂಡನನ್ನು ಏಕವಚನದಲ್ಲಿ ಅಂದದ್ದನ್ನು ಅದೇ ಮೊದಲು ಕೇಳಿದೆ. ಆ ಸಂಜೆ ಅವರ ಅಡಿಗೆಮನೆಯಿಂದ ಹೋಳಿಗೆಯ ವಾಸನೆ ಬಂತು, ಯಾವ ಹಬ್ಬವೂ ಇರಲಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅತ್ತೆಗೆ ಈಗ ಹೊಸ ಕಾಳಜಿ ಹತ್ತಿತು. "ಜಪಾನಿನವರ ಹೆದರಿಕಿ ನನಗಿಲ್ಲವಾ, ಓಣಿಯವರ ಹೆದರಿಕಿ ಐತಿ. ಇವ್ರು ಬಜಾರಿಗೆ ಹೋದಾಗ ಯಾರರ ಬಂದು ಒಡದು ಹೋದ್ರ?" ಎಂದು, ಹಗಲು ಹೊತ್ತಿನಲ್ಲಿ ಪ್ಲೇಟನ್ನು ಬಚ್ಚಿಡತೊಡಗಿದರು. ಬಚ್ಚಿಡಲು ಅವರಿಗೆ ಹೊಳೆದ ಜಾಗ ಬಚ್ಚಲಿನಲ್ಲಿ ನೀರು ಕಾಯಿಸುವ ಹಂಡೆಯ ಹಿಂದೆ, ಸೌದೆಯ ಸಂದಿನಲ್ಲಿ. ಯಾವ ಕಳ್ಳನೂ ಅಲ್ಲಿ ಕೈಹಾಕುವುದಿಲ್ಲವೆಂಬುದು ನಿಜ. ಆದರೆ ಒಲೆಯ ಕಾವಿಗೆ ಪ್ಲೇಟು ಹಪ್ಪಳದ ಹಾಗೆ ಡೊಂಕಾಯಿತು. ಮಾವ ಅದನ್ನು ತಿರುವಿ ಮುರುವಿ ನೋಡಿದರು, ಬೈಯಲಿಲ್ಲ. ಹಚ್ಚಿದರು. ಮುಳ್ಳು ದಿಬ್ಬ ಹತ್ತಿ ಇಳಿದು ಹಾಡು ನರಳಿತು.

"ಆಕಿಗೂ ವಯಸ್ಸಾತು" ಎಂದರು ಮಾವ. ಅದನ್ನೇ ಕೇಳಿಕೊಂಡು ಯುದ್ಧದ ವರ್ಷಗಳನ್ನು ಕಳೆದರು. ಮುಳ್ಳಿನ ಜೊತೆ ಅವರ ತಲೆಯೂ ಮೇಲೆ ಕೆಳಗೆ ಆಡುತ್ತಿತ್ತು. ಅತ್ತೆಗೆ ಮಾತ್ರ ಇದು ಸಹಿಸಲಾಗಲಿಲ್ಲ. ತಾನೇ ಕೆಡಿಸಿದೆನೆಂಬ ಕೊರಗು. ನಾನು ತವರಿಗೆ ಹೊರಟಾಗಲೆಲ್ಲ, "ಬಳ್ಳಾರ್ಯಾಗ ಆ ಹಾಡು ಎಲ್ಲ್ಯರ ಕೇಳಿದ್ರ ತಾರವಾ, ನಿನ್ನ ಕಾಲ ಬೀಳ್ತೀನಿ" ಎನ್ನುವರು.

ಯುದ್ಧ ಮುಗಿದ ಮೇಲೆ ತವರಿನಲ್ಲೊಂದು ಮದುವೆ. ಚಪ್ಪರದಲ್ಲಿ ಬಾಡಿಗೆಯ ಗ್ರಾಮಫೋನು. ಹೂ ಕಟ್ಟುತ್ತಿದ್ದವಳು ಎದ್ದು ಓಡಿದೆ, ಅದೇ ದನಿ. ಗದ್ದಲದಲ್ಲಿ ಮಾತು ಕೇಳಲಿಲ್ಲ, ದನಿ ಸಾಕಿತ್ತು. ಬಾಡಿಗೆಯವನನ್ನು ಕಾಡಿ ಬೇಡಿ ಆ ಪ್ಲೇಟನ್ನು ತೆಗೆದುಕೊಂಡು, ಎರಡು ಸೀರೆಗಳ ನಡುವೆ ಇಟ್ಟುಕೊಂಡು ಆದೋನಿಗೆ ಬಂದೆ.

ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಮಾವನ ಪಕ್ಕದಲ್ಲೇ ಕೂತರು. ಅದೂ ನಾನು ನೋಡಿದ ಮೊದಲ ಸಲ. ಆಗ ಪೇಟೆಯಲ್ಲಿ ಮುಳ್ಳು ಸಿಗುತ್ತಿದ್ದವು. ಮಾವ ಹೊಸ ಮುಳ್ಳು ಹಾಕಿ ಹಚ್ಚಿದರು. ಗರಗರ ಇಲ್ಲ, ಗೀಚಿಲ್ಲ, ಆಕೆ ಎದುರಿಗೆ ಕೂತು ಹಾಡಿದ ಹಾಗೆ ಕೇಳಿತು.

"ನಾ ಗುಂಡೆ ನೀ ಒಡಿಲೋ ಪಡೆ."

ಗುಂಡೆ. ತೆಲುಗಿನ ಗುಂಡೆ, ಅಂದರೆ ಎದೆ, ಹೃದಯ. ನನ್ನ ಹೃದಯ ನಿನ್ನ ಮಡಿಲಿಗೆ ಬಿತ್ತು. ಪಲ್ಲವಿ ಬಂದಾಗಲೆಲ್ಲ ಗುಂಡೆ ಎಂದೇ ಬಂತು, ಒಂದು ಸಲವೂ ಗುಂಡಿಯಾಗಲಿಲ್ಲ. ಯಾಕಾದರೂ ತಂದೆನಪ್ಪಾ ಎಂದು ನಾನು ಕೂತಲ್ಲೇ ಕುಗ್ಗಿಹೋದೆ. ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ.

ಮಾವ ಹಾಡು ಮುಗಿಯುವವರೆಗೂ ಕೇಳಿದರು. ಪ್ಲೇಟನ್ನು ತೆಗೆದು, ಒರೆಸಿ, ನನ್ನ ಕೈಗೆ ಕೊಟ್ಟರು.

"ಬದಲ ಮಾಡ್ಯಾರ" ಎಂದರು.

"ಏನ್ರಿ ಮಾವಾರ?"

"ಹಾಡು. ಯುದ್ಧದಾಗ ಸರ್ಕಾರದವರು ಕಂಪನಿಯವರಿಗೆ ಹೆದರಿಸ್ಯಾರ. ಗುಂಡಿ ಅಂದ್ರ ಗುಂಡು ಅಂದಂಗ ಕೇಳತೈತಿ, ಗುಂಡಿ ತಗದು ಗುಂಡೆ ಹಾಕ್ರಿ ಅಂದಾರ. ಆಕೀನ್ನ ಮತ್ತ ಕರಸಿ ಹಾಡಿಸ್ಯಾರ. ಹಳೇ ಪ್ಲೇಟು ಎಲ್ಲಾ ಒಡಿಸ್ಯಾರ. ನಂದೊಂದ ಉಳದೈತಿ."

ಪೇಪರ್ ಪಂತುಲುಗಳೂ ಇಷ್ಟು ಸೊಗಸಾದದ್ದನ್ನು ಎಂದೂ ಹೆಣೆದಿರಲಿಲ್ಲ. ನಾನು ಅತ್ತೆಯ ಕಡೆ ತಿರುಗಿದೆ. ಈಗ ಈಕೆ ನಗುತ್ತಾರೆ, ಇಲ್ಲವೇ ಅಳುತ್ತಾರೆ, ಒಂದು ಮಾತಿನಲ್ಲಿ ಗಂಡನ ಕತೆಯನ್ನು ಬುಡಮೇಲು ಮಾಡುತ್ತಾರೆ ಎಂದುಕೊಂಡೆ. ಅತ್ತೆ ಡೊಂಕು ಪ್ಲೇಟನ್ನು ಎತ್ತಿ, ತಮ್ಮ ಸೆರಗಿನಿಂದ ಒರೆಸಿ, ಗ್ರಾಮಫೋನಿನ ಮೇಲೆ ಇಟ್ಟರು.

"ಹೌದು, ಬದಲ ಮಾಡ್ಯಾರ" ಎಂದರು ನನಗೆ. "ಗುಂಡಿ ಬಿದ್ದದ್ದು ನಾ ನನ್ನ ಕಣ್ಣೀಲೆ ನೋಡೀನವಾ."